ಅಚ್ಚುಕೂಟದ ಹುಡುಗ ಮಾರ್ಕ್ ಟ್ವೇನ್

ಕಳೆದ ವರ್ಷ ನಮ್ಮ ಇಂಗ್ಲಿಷ್ ಅಧ್ಯಾಪಕರು ತರಗತಿಯಲ್ಲಿ ಒಂದು ವಿಚಿತ್ರ ಸಂಗತಿಯನ್ನು ತಿಳಿಸಿದರು. ಹಳೆಯ ಕಾದಂಬರಿಗಳ ಪ್ರಥಮ ಮುದ್ರಣದ ಪ್ರತಿಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಅಮೆರಿಕಾ ದೇಶದಲ್ಲಿ ಇದ್ದಾರಂತೆ. ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕೈಗೆ ಸಿಕ್ಕಿದರೆ ಅವರು ಮೊದಲು ಕಥೆಯನ್ನು ಓದುವುದಿಲ್ಲ. 57ನೆಯ ಪುಟವನ್ನು ತೆರೆದು ಅಲ್ಲಿ ಒಂದು ಅಚ್ಚಿನ ತಪ್ಪು ಇದೆಯೇ ಎಂದು ನೋಡುತ್ತಾರೆ. ತಪ್ಪಿದ್ದರೆ ಆನಂದ, ತಿದ್ದಿದ್ದರೆ ನಿರಾಸೆ!

ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ತಂದೆಯವರು ನಮ್ಮ ಊರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಹದಿನೆಂಟು ವರ್ಷ ಮೊಳೆ ಜೋಡಿಸಿದವರು. ಕಂಪ್ಯೂಟರು ಬಂದು ಆ ಅಚ್ಚುಕೂಟ ಮುಚ್ಚಿದ ಮೇಲೆ ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಯಾರದೋ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಒತ್ತಕ್ಷರವೊಂದು ಬಿಟ್ಟುಹೋದುದಕ್ಕಾಗಿ ಅವರ ಒಂದು ವಾರದ ಕೂಲಿ ಕಡಿತವಾದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಅಚ್ಚಿನ ತಪ್ಪಿಗೆ ಹಣ ಕೊಡುವವರೂ ಲೋಕದಲ್ಲಿ ಇದ್ದಾರೆಂಬುದು ನನಗೆ ಅಂದು ಹೊಸ ಸುದ್ದಿ. ಆ ಕುತೂಹಲದಿಂದಲೇ ಮಾರ್ಕ್ ಟ್ವೇನನ ಜೀವನ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ, ಆತನೂ ನನ್ನ ತಂದೆಯವರ ಕಸುಬಿನವನೇ ಎಂದು ತಿಳಿದು ಬೆರಗಾದೆ.

ಆತನ ನಿಜವಾದ ಹೆಸರು ಸ್ಯಾಮ್ಯುಯಲ್ ಕ್ಲೆಮೆನ್ಸ್. ಹುಟ್ಟಿದ್ದು 1835ನೆಯ ಇಸವಿ ನವೆಂಬರ್ 30ರಂದು, ಮಿಸೌರಿ ಸಂಸ್ಥಾನದ ಫ್ಲಾರಿಡಾ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ. 1847ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹನ್ನೊಂದು ವರ್ಷ. ಮನೆಯಲ್ಲಿ ಬಡತನ. ಸ್ವಲ್ಪ ಕಾಲದಲ್ಲೇ ಶಾಲೆ ಬಿಟ್ಟು ಊರಿನ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ. ಸಂಬಳವೆಂದರೆ ಊಟ ಮತ್ತು ಬಟ್ಟೆ. ಬಟ್ಟೆಯೂ ಯಜಮಾನ ಉಟ್ಟು ಬಿಟ್ಟದ್ದು. ಬಳಿಕ ಅಣ್ಣ ಓರಿಯನ್ ತಾನೇ ಒಂದು ಪತ್ರಿಕೆ ನಡೆಸಲು ಹೊರಟು, ವಾರಕ್ಕೆ ಮೂರೂವರೆ ಡಾಲರು ಕೊಡುವೆನೆಂದು ತಮ್ಮನನ್ನು ಕರೆದುಕೊಂಡ. ಅದರಲ್ಲಿ ಒಂದು ಕಾಸೂ ಕೈಸೇರಲಿಲ್ಲ. 1853ರಲ್ಲಿ ಹುಡುಗ ಊರು ಬಿಟ್ಟು ಸೇಂಟ್ ಲೂಯಿಸ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಮೊಳೆ ಜೋಡಿಸಿ ಹೊಟ್ಟೆ ಹೊರೆದ. ಸಂಜೆಯಾದರೆ ಸಾರ್ವಜನಿಕ ಪುಸ್ತಕಾಲಯಗಳಲ್ಲಿ ಕುಳಿತು ಓದುತ್ತಿದ್ದ. ಆತನ ಕಾಲೇಜು ಅದೇ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿಬಿಡುತ್ತೇನೆ. 1859ರಲ್ಲಿ ನದಿಯ ಹಬೆದೋಣಿ ನಡೆಸುವ ಪರವಾನಗಿ ಪಡೆದ. 1861ರಲ್ಲಿ ಅಂತರ್ಯುದ್ಧದಿಂದ ಆ ಉದ್ಯೋಗ ನಿಂತಿತು. ನೆವಾಡಾಕ್ಕೆ ಹೋಗಿ ಪತ್ರಿಕೆಗಳಿಗೆ ಬರೆಯುತ್ತ 1863ರಲ್ಲಿ ಮಾರ್ಕ್ ಟ್ವೇನ್ ಎಂಬ ಹೆಸರನ್ನು ಧರಿಸಿದ. ಅದು ದೋಣಿಯವರ ಮಾತು; ನೀರಿನ ಆಳ ಎರಡು ಮಾರು ಎಂದರ್ಥ. 1870ರಲ್ಲಿ ಒಲಿವಿಯಾ ಲ್ಯಾಂಗ್ಡನ್ ಎಂಬಾಕೆಯನ್ನು ಮದುವೆಯಾಗಿ, 1876ರಲ್ಲಿ ‘ಟಾಮ್ ಸಾಯರ್’ ಪ್ರಕಟಿಸಿ ಕೀರ್ತಿವಂತನಾದ.

1884ರಲ್ಲಿ ಆತ ತನ್ನದೇ ಪ್ರಕಾಶನ ಸಂಸ್ಥೆಯನ್ನು ತೆರೆದು ‘ಹಕಲ್‌ಬೆರಿ ಫಿನ್’ ಅಚ್ಚಿಗೆ ಕೊಟ್ಟ. ಕರಡಚ್ಚು ತಿದ್ದುವುದೆಂದರೆ ಆತನಿಗೆ ಎಲ್ಲಿಲ್ಲದ ಸಿಟ್ಟು. ಸ್ನೇಹಿತ ಹೋವೆಲ್ಸ್ ಆ ಕೆಲಸದಲ್ಲಿ ನೆರವಾದ. ಇಷ್ಟಾದರೂ ತಪ್ಪುಗಳು ಉಳಿದವು. ಹಕ್ ಎಂಬ ಹುಡುಗ ತನ್ನನ್ನು ಯಾರೋ ಕೊಂದರೆಂದು ತೋರಿಸಲು ಹಿಟ್ಟಿನ ಚೀಲದ ತಳವನ್ನು ಗರಗಸದಿಂದ ಹರಿಯುವ ಸನ್ನಿವೇಶವೊಂದಿದೆ. ಗರಗಸಕ್ಕೆ ಇಂಗ್ಲಿಷಿನಲ್ಲಿ ‘ಸಾ’. ಎಸ್, ಎ, ಡಬ್ಲ್ಯು ಎಂಬ ಮೂರು ಮೊಳೆ. ಅವು ಹಿಂದುಮುಂದಾಗಿ ‘ವಾಸ್’ ಎಂದು ಅಚ್ಚಾಯಿತು. ಚಿತ್ರಗಳ ಪಟ್ಟಿಯಲ್ಲಿಯೂ ಒಂದು ಚಿತ್ರ 87ನೆಯ ಪುಟದ ಬದಲು 88ರಲ್ಲಿದೆ ಎಂದು ಬಿತ್ತು. ಲೋಹದ ಫಲಕಗಳಿಂದ ಅಚ್ಚಾಗುತ್ತಿದ್ದ ಪುಸ್ತಕವಾದ್ದರಿಂದ, ತಪ್ಪು ಕಂಡ ಮೇಲೆ ಫಲಕವನ್ನೇ ಕತ್ತರಿಸಿ ಬೆಸೆದು ತಿದ್ದಬೇಕಾಯಿತು. ಅಷ್ಟರಲ್ಲಿ ಅಚ್ಚಾದ ಹಾಳೆಗಳನ್ನು ಯಾರೂ ಎಸೆಯಲಿಲ್ಲ. ಹಳೆಯ ಹಾಳೆ, ತಿದ್ದಿದ ಹಾಳೆ ಎರಡನ್ನೂ ಬೆರಸಿಯೇ ರಟ್ಟು ಕಟ್ಟಿದರು. ಹೀಗಾಗಿ ಒಂದೇ ಪ್ರತಿಯಲ್ಲಿ ಒಂದು ತಪ್ಪು ಉಳಿದು ಇನ್ನೊಂದು ಅಳಿದಿರಬಹುದು. ಸಂಗ್ರಹಕಾರರ ತಲೆನೋವೂ ಸಂತೋಷವೂ ಇದೇ.

ಇವಕ್ಕಿಂತ ದೊಡ್ಡ ಅನಾಹುತ 283ನೆಯ ಪುಟದಲ್ಲಿ ನಡೆಯಿತು. ಅದು ಕೈತಪ್ಪಲ್ಲ, ಕಿಡಿಗೇಡಿತನ. ಯಾರೋ ಒಬ್ಬ ಕೊರೆಯುವವನು ಸೈಲಸ್ ಮಾವನ ಚಿತ್ರ ಅಸಭ್ಯವಾಗಿ ಕಾಣುವಂತೆ ಫಲಕದ ಮೇಲೆ ಗೀರಿಬಿಟ್ಟಿದ್ದ. ನವೆಂಬರಿನಲ್ಲಿ ಅದು ಬಯಲಾಯಿತು. ಸಂಸ್ಥೆ 500 ಡಾಲರು ಬಹುಮಾನ ಸಾರಿದರೂ ತಪ್ಪಿತಸ್ಥ ಸಿಗಲಿಲ್ಲ. ರಟ್ಟು ಕಟ್ಟಿದ್ದ ಪ್ರತಿಗಳಿಂದ ಆ ಹಾಳೆಯನ್ನು ಕತ್ತರಿಸಿ, ಉಳಿದ ಅಂಚಿಗೆ ಹೊಸ ಹಾಳೆಯನ್ನು ಅಂಟಿಸಿದರು. ಕ್ರಿಸ್ಮಸ್ಸಿನ ಮಾರಾಟ ಕೈಬಿಟ್ಟುಹೋಯಿತು. ಇಂಗ್ಲೆಂಡಿನಲ್ಲಿ ಡಿಸೆಂಬರಿನಲ್ಲೇ ಹೊರಬಂದ ಪುಸ್ತಕ ಲೇಖಕನ ಸ್ವದೇಶದಲ್ಲಿ 1885ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಮೊಳೆ ಜೋಡಿಸಿ ಬೆರಳು ಸವೆದವನಿಗೆ ಆ ಕೆಲಸವನ್ನು ಯಂತ್ರ ಮಾಡಬೇಕೆಂಬ ಹಂಬಲ ಸಹಜವೇ. ಜೇಮ್ಸ್ ಪೇಜ್ ಎಂಬಾತ ಮೊಳೆ ಜೋಡಿಸುವ ಯಂತ್ರವೊಂದನ್ನು ಕಟ್ಟುತ್ತಿದ್ದ. ಸುಮಾರು 18,000 ಬಿಡಿಭಾಗಗಳ ಯಂತ್ರ. ಅಚ್ಚಾದ ಮೇಲೆ ಮೊಳೆಗಳನ್ನು ಮತ್ತೆ ಅವುಗಳ ಮನೆಗೆ ಹಂಚುವ ಬೇಸರದ ಕೆಲಸವನ್ನೂ ಅದೇ ಮಾಡುತ್ತಿತ್ತು. ಕ್ಲೆಮೆನ್ಸ್ ಮರುಳಾದ. ವರ್ಷ ವರ್ಷವೂ ಹಣ ಸುರಿದ. ಯಂತ್ರ ಓಡಿದಾಗ ಅದ್ಭುತ. ಆದರೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಅಷ್ಟರಲ್ಲಿ ಮೆರ್ಗೆಂತಾಲರ್ ಎಂಬಾತನ ಲೈನೋಟೈಪ್ ಬಂದಿತು. ಅದು ಮೊಳೆಯನ್ನು ಜೋಡಿಸುವ ಗೋಜಿಗೇ ಹೋಗದೆ ಇಡೀ ಸಾಲನ್ನೇ ಎರಕ ಹೊಯ್ದುಬಿಡುತ್ತಿತ್ತು. 1894ರಲ್ಲಿ ಷಿಕಾಗೊ ನಗರದ ಪತ್ರಿಕೆಯೊಂದರಲ್ಲಿ ಪೇಜನ ಯಂತ್ರದ ಪರೀಕ್ಷೆ ನಡೆದು ಸೋತಿತು. ಕ್ಲೆಮೆನ್ಸನ ಲಕ್ಷಗಟ್ಟಲೆ ಡಾಲರು ಮಣ್ಣುಪಾಲಾಯಿತು. ಅದೇ ವರ್ಷ ಪ್ರಕಾಶನ ಸಂಸ್ಥೆಯೂ ದಿವಾಳಿಯೆದ್ದಿತು. ಆ ಯಂತ್ರಗಳಲ್ಲಿ ಒಂದು ಹಾರ್ಟ್‌ಫರ್ಡಿನ ಆತನ ಮನೆಯಲ್ಲಿ ಇಂದಿಗೂ ಇದೆ.

ಕಾನೂನಿನ ಪ್ರಕಾರ ಸಾಲವನ್ನೆಲ್ಲ ತೀರಿಸುವ ಹೊಣೆ ಆತನ ಮೇಲಿರಲಿಲ್ಲ. ಆದರೂ ಪೈಸೆ ಬಿಡದೆ ತೀರಿಸಲು ನಿಶ್ಚಯಿಸಿ, ಹೆಂಡತಿಯನ್ನೂ ಕ್ಲಾರಾ ಎಂಬ ಮಗಳನ್ನೂ ಕರೆದುಕೊಂಡು 1895ರಲ್ಲಿ ಉಪನ್ಯಾಸ ಪ್ರವಾಸಕ್ಕೆ ಹೊರಟ. ಆಗ ವಯಸ್ಸು ಅರುವತ್ತರ ಹತ್ತಿರ. 1896ರ ಜನವರಿಯಲ್ಲಿ ಬೊಂಬಾಯಿಗೆ ಬಂದಿಳಿದ. ಅಲಹಾಬಾದು, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್ ಮೊದಲಾದ ಕಡೆ ಸುತ್ತಿದ. ನಮ್ಮ ಮೈಸೂರು ಸೀಮೆಯತ್ತ ಬರಲಿಲ್ಲ. ಕೆಮ್ಮಿನಿಂದ ನರಳುತ್ತಲೇ ಜನರನ್ನು ನಗಿಸುತ್ತಿದ್ದ ಆ ಮುದುಕನನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಪ್ರವಾಸ ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಊರಿನಲ್ಲೇ ಉಳಿದಿದ್ದ ಹಿರಿಯ ಮಗಳು ಸೂಸಿ ಆಗಸ್ಟ್ 18ರಂದು ತೀರಿಕೊಂಡಳೆಂಬ ತಂತಿ ಬಂದಿತು. 1898ರ ಹೊತ್ತಿಗೆ ಸಾಲವೆಲ್ಲ ತೀರಿತು. 1904ರಲ್ಲಿ ಹೆಂಡತಿ, 1909ರ ಕ್ರಿಸ್ಮಸ್ಸಿನ ಹಿಂದಿನ ದಿನ ಕಿರಿಯ ಮಗಳು ಜೀನ್ ಹೋದರು. 1910ರ ಏಪ್ರಿಲ್ 21ರಂದು ಆತ ತಾನೂ ಕಣ್ಮುಚ್ಚಿದ. ಹುಟ್ಟಿದ ವರ್ಷ ಕಾಣಿಸಿದ್ದ ಹ್ಯಾಲಿ ಧೂಮಕೇತು ಆಗ ಮತ್ತೆ ಆಕಾಶದಲ್ಲಿತ್ತು.

ನಮ್ಮ ಕಾಲೇಜು ಪುಸ್ತಕಾಲಯದ ಪ್ರತಿ ಇತ್ತೀಚಿನದು. ಅದರಲ್ಲಿ ಗರಗಸ ಗರಗಸವಾಗಿಯೇ ಇದೆ. ಆದರೂ ಒಂದು ಸಂಜೆ ಅದನ್ನು ಮನೆಗೆ ಒಯ್ದು ತಂದೆಯವರಿಗೆ ಆ ಸಾಲನ್ನು ತೋರಿಸಿದೆ. ಅವರು ಇಂಗ್ಲಿಷನ್ನು ಓದಲಾರರು; ಅಕ್ಷರಗಳನ್ನು ಮಾತ್ರ ಬಲ್ಲರು. ಕಂಪೋಸಿಂಗ್ ಸ್ಟಿಕ್ಕಿನಲ್ಲಿ ಮೊಳೆ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ಕೂಡುವುದರಿಂದ ಕಣ್ಣು ಮೋಸಹೋಗುವುದು ಸುಲಭವೆಂದೂ, ಹಾಗೆ ಅದಲುಬದಲಾದರೂ ಬೇರೊಂದು ಸರಿಯಾದ ಮಾತೇ ಆಗಿಬಿಟ್ಟರೆ ಕರಡು ತಿದ್ದುವವನಿಗೂ ಕಾಣುವುದಿಲ್ಲವೆಂದೂ ಬೆರಳಿನಲ್ಲಿ ಗಾಳಿಯಲ್ಲಿ ಬರೆದು ವಿವರಿಸಿದರು. ಈಗ ಆ ತಪ್ಪಿಗೆ ಜನ ದುಡ್ಡು ಕೊಡುತ್ತಾರೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೋಡಿಸಿದವನ ಕೂಲಿಯನ್ನು ಅಂದು ಎಷ್ಟು ಕಡಿದರು ಎಂದು ಕೇಳಿದರು.