ಬಣ್ಣ ಕೈಕೊಟ್ಟರೂ ಗೆರೆ ಕೈಬಿಡಲಿಲ್ಲ

ನನ್ನ ಲ್ಯಾಪ್‌ಟಾಪಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ದೀಪವಿದೆ. ಚಾರ್ಜ್ ಆಗುತ್ತಿದ್ದರೆ ಕಿತ್ತಳೆ, ಪೂರ್ತಿಯಾದರೆ ಹಸಿರು ಎಂದು ಜೊತೆಗೆ ಬಂದ ಪುಸ್ತಿಕೆ ಹೇಳುತ್ತದೆ. ನನಗೆ ಎರಡೂ ಒಂದೇ. ಹಾಸ್ಟೆಲ್ ರೂಮಿನಲ್ಲಿ ಪಕ್ಕದ ಮಂಚದವನನ್ನು ಕೇಳಿ ಪ್ಲಗ್ ತೆಗೆಯುತ್ತೇನೆ. ಅವನು ಮಲಗಿದ್ದರೆ ಲ್ಯಾಪ್‌ಟಾಪ್ ತೆರೆದು ನೋಡಬೇಕು.

ನನಗೆ ಈ ತೊಂದರೆ ಇದೆಯೆಂದು ಗೊತ್ತಾದದ್ದು ಬಿ.ಇ. ಮೊದಲ ವರ್ಷದ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ. ರೆಸಿಸ್ಟರ್ ಮೇಲೆ ಸುತ್ತಿದ ಬಣ್ಣದ ಪಟ್ಟಿಗಳನ್ನು ಓದಿ ಬೆಲೆ ಹೇಳಬೇಕಿತ್ತು. ಕಂದು ಅಂದರೆ ಒಂದು, ಕೆಂಪು ಎರಡು, ಹಸಿರು ಐದು. ನಾನು ಹೇಳಿದ ಬೆಲೆಗೂ ಮೀಟರ್ ತೋರಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ಓದಿಕೊಂಡು ಬಂದಿಲ್ಲವೆಂದು ಬೈಸಿಕೊಂಡೆ. ನಿಜವಾಗಿ ಎಲ್ಲ ಓದಿಕೊಂಡಿದ್ದೆ, ಕಾಣುತ್ತಿರಲಿಲ್ಲ ಅಷ್ಟೆ. ಅಂದಿನಿಂದ ಯಾರಿಗೂ ಹೇಳದೆ ಮೀಟರ್ ಹಿಡಿದೇ ಅಳೆಯುತ್ತ ಬಂದೆ.

ಎರಡನೇ ವರ್ಷ ವರ್ಕ್‌ಶಾಪಿನಲ್ಲಿ ನನಗೆ ಸಿಕ್ಕ ಲೇತ್ ಯಂತ್ರದ ಮೇಲೆ ಮೈಸೂರು ಕಿರ್ಲೋಸ್ಕರ್, ಹರಿಹರ ಎಂಬ ಫಲಕವಿತ್ತು. ನಮ್ಮ ರಾಂಪುರದಲ್ಲಿ ಕಿರ್ಲೋಸ್ಕರ್ ಅಂದರೆ ಬಾವಿಯ ಪಂಪು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಮಾತಿನ ನಡುವೆ, ಈ ಮನೆತನದ ಮೂಲಪುರುಷ ಚಿತ್ರಕಾರನಾಗಲು ಹೋಗಿ ಬಣ್ಣ ಕಾಣದೆ ಯಂತ್ರಕ್ಕೆ ಬಂದವರು ಎಂದರು. ಲೇತ್ ತಿರುಗುತ್ತಿತ್ತು, ನಾನು ಟೂಲ್ ಹಿಂದೆಳೆಯುವುದನ್ನೇ ಮರೆತೆ.

ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ನೆಲ ಕನ್ನಡದ್ದು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಅದೇ ಮನೆತನದವರು, ಅದೇ ಊರಿನವರು. ತಂದೆ ವೇದಾಂತದಲ್ಲಿ ಮುಳುಗಿದ್ದವರು. ಮಗನಿಗೆ ಶಾಲೆಯ ಪಾಠದಲ್ಲಿ ಮನಸ್ಸಿಲ್ಲ. ಚಿತ್ರ ಬರೆಯುವುದು, ಏನಾದರೂ ಬಿಚ್ಚಿ ಜೋಡಿಸುವುದು ಇವೆರಡೇ. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತದ್ದರಿಂದ ಮುಂಬೈಗೆ ಹೋಗಿ ಜೆ.ಜೆ. ಕಲಾ ಶಾಲೆ ಸೇರುವುದಾಯಿತು.

ಅಲ್ಲಿ ಗೆರೆ ಎಳೆಯುವ ತನಕ ಎಲ್ಲ ಸರಿಯಿತ್ತು. ಬಣ್ಣ ಹಚ್ಚುವ ಹೊತ್ತಿಗೆ ಗೊತ್ತಾಯಿತು, ಕೆಲವು ಬಣ್ಣಗಳ ಅಂತರ ಅವರ ಕಣ್ಣಿಗೆ ಹತ್ತುವುದೇ ಇಲ್ಲ. ಆ ಕಾಲದಲ್ಲಿ, ಆ ವಯಸ್ಸಿನಲ್ಲಿ, ಮನೆಯವರನ್ನು ಒಪ್ಪಿಸಿ ದೂರದ ಊರಿಗೆ ಬಂದ ಹುಡುಗನಿಗೆ ಅದು ಎಂಥ ಹೊಡೆತವಾಗಿರಬೇಕು! ಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಮಾತ್ರ ಆ ಸಾಲು ದಾಟಿ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು.

ಅವರು ಬಣ್ಣ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಎಂಜಿನಿಯರಿಂಗ್ ಓದುವವರಿಗೆ ಇದರ ಅರ್ಥ ಬೇಗ ಆಗುತ್ತದೆ. ನಮ್ಮ ಡ್ರಾಯಿಂಗ್ ಹಾಳೆಯಲ್ಲಿ ಬಣ್ಣಕ್ಕೆ ಕೆಲಸವೇ ಇಲ್ಲ. ಎದುರಿಗೆ ಕಾಣುವ ಅಂಚಿಗೆ ದಪ್ಪ ಗೆರೆ, ಒಳಗೆ ಅಡಗಿದ ಅಂಚಿಗೆ ತುಂಡು ಗೆರೆ, ನಡುಮಧ್ಯಕ್ಕೆ ಉದ್ದ ತುಂಡು, ಗಿಡ್ಡ ತುಂಡು. ಬಣ್ಣ ಕಾಣುವವನೂ ಕಾಣದವನೂ ಅದನ್ನು ಒಂದೇ ರೀತಿ ಓದಬಹುದು. ಇಷ್ಟು ಹಳೆಯ ಕಾಗದದ ಭಾಷೆಗೆ ಗೊತ್ತಿದ್ದ ಜಾಣತನ ನನ್ನ ಲ್ಯಾಪ್‌ಟಾಪಿನ ದೀಪಕ್ಕೆ ಗೊತ್ತಿಲ್ಲ ನೋಡಿ. ಕಿತ್ತಳೆ ಇದ್ದಾಗ ಮಿಣುಕುವಂತೆ, ಹಸಿರಾದಾಗ ನಿಲ್ಲುವಂತೆ ಮಾಡಿದ್ದರೆ ಸಾಕಿತ್ತು. ಟ್ರಾಫಿಕ್ ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಎಂಬ ಜಾಗದ ಲೆಕ್ಕ ಇರುವುದರಿಂದಲೇ ನಾನು ಬೈಕ್ ಓಡಿಸುತ್ತಿದ್ದೇನೆ.

ಲಕ್ಷ್ಮಣರಾಯರು ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಡ್ರಾಯಿಂಗ್ ಕಲಿಸುವ ಮೇಷ್ಟ್ರಾದರು. ಕಲಿಸುವುದರ ಜೊತೆಗೆ ಅಲ್ಲಿನ ಯಂತ್ರಗಳನ್ನು ಬಿಚ್ಚಿ ನೋಡಿ ಕಲಿತರು. ಬಿಡುವಿನಲ್ಲಿ ಸೈಕಲ್ ಓಡಿಸಲು ಕಲಿತು, ಸೈಕಲ್ ಕೊಂಡು ಬೆಳಗಾವಿಯ ಅಣ್ಣನಿಗೆ ಕಳಿಸತೊಡಗಿದರು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು 1888ರಲ್ಲಿ ಶುರುವಾದದ್ದು ಈ ಸೈಕಲ್ ಅಂಗಡಿಯಿಂದ. ಸೈಕಲ್ ಮಾರಿದರೆ ಸಾಲದು, ಕೊಂಡವರಿಗೆ ಹತ್ತುವುದನ್ನೂ ಕಲಿಸಬೇಕಿತ್ತು. ಆ ಕೆಲಸವನ್ನೂ ಅಣ್ಣತಮ್ಮಂದಿರೇ ಮಾಡಿದರು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ.

ಇನ್‌ಸ್ಟಿಟ್ಯೂಟ್‌ನಲ್ಲಿ ತಮಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋದಾಗ ಅವರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಮೊದಲು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ.

ಈ ಯಂತ್ರವನ್ನು ನಮ್ಮ ಕಡೆ ದನ ಕಟ್ಟಿದವರೆಲ್ಲ ನೋಡಿದ್ದಾರೆ. ಒಂದು ದೊಡ್ಡ ಚಕ್ರ, ಅದರ ಕಡ್ಡಿಗಳಿಗೆ ಬಾಗಿದ ಎರಡು ಅಲಗು, ಪಕ್ಕದಲ್ಲಿ ಜೋಳದ ಸಪ್ಪೆ ತಳ್ಳುವ ದೋಣಿ, ತಿರುಗಿಸಲು ಹಿಡಿ. ಚಿಕ್ಕವನಿದ್ದಾಗ ಅದರ ಹತ್ತಿರ ಹೋದರೆ ತಾತ ಕೂಗುತ್ತಿದ್ದರು. ಈಗ ಅದನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ. ಅಲಗು ನೇರವಾಗಿದ್ದರೆ ಇಡೀ ಕಟ್ಟು ಒಂದೇ ಪೆಟ್ಟಿಗೆ ಅಡ್ಡ ಬಂದು ಕೈಗೆ ಜಗ್ಗು ಬೀಳುತ್ತದೆ. ಬಾಗಿರುವುದರಿಂದ ಸಪ್ಪೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಕತ್ತರಿ ಹಾಕಿದಂತೆ ಸರಿಯುತ್ತ ಹೋಗುತ್ತದೆ. ಚಕ್ರದ ತೂಕ ಸುಮ್ಮನೆ ಇಟ್ಟದ್ದಲ್ಲ. ಅಲಗು ಗಾಳಿಯಲ್ಲಿರುವಾಗ ಕೈ ಕೊಟ್ಟ ಶಕ್ತಿಯನ್ನು ಅದು ಕೂಡಿಟ್ಟುಕೊಂಡು, ಮೇವು ಸಿಕ್ಕಾಗ ವಾಪಸ್ ಕೊಡುತ್ತದೆ. ನಮ್ಮ ಪಠ್ಯದಲ್ಲಿ ಫ್ಲೈವೀಲ್ ಎಂದು ಇಡೀ ಒಂದು ಅಧ್ಯಾಯವಿದೆ. ಅಧ್ಯಾಯ ಓದದ ನಮ್ಮಜ್ಜಿ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದರು. ಒಳ್ಳೆಯ ವಿನ್ಯಾಸ ಅಂದರೆ ನನ್ನ ತಲೆಗೆ ಮೊದಲು ಬರುವುದು ಇದೇ. ಒಂದು ಬೆರಳಿನಲ್ಲಿ ಎತ್ತಿದರೆ ಬುಡ ಮೇಲೇಳದೆ ತೆರೆದುಕೊಳ್ಳುವ ಲ್ಯಾಪ್‌ಟಾಪ್ ಮುಚ್ಚಳ, ಕಣ್ಣುಮುಚ್ಚಿ ಬೆರಳಿಟ್ಟರೂ ತಿಳಿಯಲಿ ಎಂದು ಕೀಬೋರ್ಡಿನ ಎಫ್ ಮತ್ತು ಜೆ ಗುಂಡಿಗಳ ಮೇಲೆ ಮೂಡಿಸಿದ ಸಣ್ಣ ಗೀಟು, ಇವೆಲ್ಲ ಅದೇ ಜಾತಿಯವು. ಯಾರೋ ಒಬ್ಬರು ಕೂತು, ಬಳಸುವವನ ಕೈ ಎಲ್ಲಿರುತ್ತದೆ ಎಂದು ಯೋಚಿಸಿದ್ದಾರೆ.

ನಂತರ ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿನ ತಿರುಚಿದ ರೆಕ್ಕೆ, ಕತ್ತರಿಸಿದ ಮಣ್ಣಿನ ಹೆಂಟೆಯನ್ನು ಎತ್ತಿ ಪಕ್ಕಕ್ಕೆ ಬೋರಲು ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಆ ರೆಕ್ಕೆಯ ತಿರುವನ್ನು ಕಾಗದದ ಮೇಲೆ ಬರೆಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು, ಕಂಪ್ಯೂಟರಿನಲ್ಲಿ ಪ್ರಯತ್ನಿಸಿ ಎರಡು ರಾತ್ರಿ ಕಳೆದಿದ್ದೇನೆ. ಚಿತ್ರ ಕಲಿತ ಕೈ ಅಲ್ಲಿ ಉಪಯೋಗಕ್ಕೆ ಬಂದಿರಲೇಬೇಕು ಎಂಬುದು ನನ್ನ ಊಹೆ.

ನೇಗಿಲು ಚೆನ್ನಾಗಿತ್ತು, ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ಓದಿ ನಗುವುದು ಸುಲಭ. ಆದರೆ ಮಳೆಯೇ ಅಪರೂಪವಾದ ಮೊಳಕಾಲ್ಮುರು ಸೀಮೆಯಲ್ಲಿ ಬೆಳೆದ ನನಗೆ ನಗು ಬರುವುದಿಲ್ಲ. ಶೇಂಗಾ ಹಾಕಿ ಒಂದು ವರ್ಷ ಕೈಸುಟ್ಟುಕೊಂಡರೆ ಮನೆ ಏಳಲು ಮೂರು ವರ್ಷ ಬೇಕು. ಅಂಥವನು ಹೊಸ ಸಾಮಾನನ್ನು ಅನುಮಾನದಿಂದ ನೋಡುವುದು ದಡ್ಡತನವಲ್ಲ. ಲಕ್ಷ್ಮಣರಾಯರೂ ಅದನ್ನು ದಡ್ಡತನವೆಂದು ತಿಳಿದು ಅಂಗಡಿ ಮುಚ್ಚಲಿಲ್ಲ. ಕಾದರು. ಹೊಲದಲ್ಲಿ ಹೂಡಿದ ಮೇಲೆ ನೇಗಿಲೇ ತನ್ನ ಪರ ಮಾತಾಡಿತು.

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಕಂಟಕ. ಊರು ಬೆಳೆಸುವ ಸಲುವಾಗಿ ಕಾರ್ಖಾನೆಯ ಜಾಗ ಖಾಲಿ ಮಾಡುವಂತೆ ಬೆಳಗಾವಿ ಪುರಸಭೆ ಹೇಳಿತು. ಎಲ್ಲಿಗೆ ಹೋಗುವುದು? ಆಗ ಕೈಹಿಡಿದವರು ಔಂಧ್ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರು ಸ್ವತಃ ಚಿತ್ರಕಾರರು ಎಂಬುದು ನನಗೆ ಇಷ್ಟವಾದ ಸಂಗತಿ. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ನೆಲವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಲಕ್ಷ್ಮಣರಾಯರು ತಮ್ಮ ಕೆಲಸಗಾರರನ್ನೂ ಅವರ ಸಂಸಾರಗಳನ್ನೂ ಕಟ್ಟಿಕೊಂಡು ಅಲ್ಲಿಗೆ ಹೋದರು. ಪಾಪಾಸುಕಳ್ಳಿ, ಕಲ್ಲು, ಹಾವು. ನಮ್ಮ ರಾಂಪುರದ ಹಿಂದಿನ ಗುಡ್ಡದ ಹಾಗೇ ಇತ್ತೇನೋ. ಕಳ್ಳಿ ಕಡಿದು ಮನೆ, ಶೆಡ್ಡು, ಆಮೇಲೆ ಶಾಲೆ, ತೋಟ ಎಲ್ಲ ಎಬ್ಬಿಸಿದರು. ಅದೇ ಕಿರ್ಲೋಸ್ಕರವಾಡಿ, ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಜೈಲು ಕಂಡು ಬಂದವರನ್ನೂ ಕರೆದು ಕಾವಲು ಕೆಲಸಕ್ಕೆ ಹಚ್ಚಿದರು. ಊರಿನಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ.

ಮೊದಲನೇ ಮಹಾಯುದ್ಧ ಬಂದಾಗ ಹೊರದೇಶದ ಸಾಮಾನು ನಿಂತುಹೋಗಿ ಸ್ವದೇಶಿ ನೇಗಿಲಿಗೆ ಬೇಡಿಕೆ ಏರಿತು. ಮುಂದಿನ ಕಥೆ ಬಹುಮಟ್ಟಿಗೆ ಬೆಳವಣಿಗೆಯದು. ಪಂಪು ಬಂತು. ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿದ ಮಗ ಶಂತನುರಾವ್ 1926ರಲ್ಲಿ ಪದವಿ ಪಡೆದು ಬಂದು ಜೊತೆಗೂಡಿದರು. 1941ರಲ್ಲಿ ನಮ್ಮ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳು ತಯಾರಾದವು. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್, ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಮೋಟಾರು. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ. ಅದರ ಲೇತ್‌ಗಳು ಮಾತ್ರ ಕಾಲೇಜು, ಐ.ಟಿ.ಐ. ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ನನಗೆ ಸಿಕ್ಕ ಯಂತ್ರದ ಹಿಡಿಗಳು ಹುಡುಗರ ಕೈ ತಾಗಿ ತಾಗಿ ಕನ್ನಡಿಯಂತಾಗಿವೆ. ಒಂದೊಂದು ಹಿಡಿಯ ಆಕಾರವೂ ಬೇರೆ. ನೋಡದೆ ಮುಟ್ಟಿದರೂ ಯಾವುದು ಯಾವುದೆಂದು ತಿಳಿಯುತ್ತದೆ. ಬಣ್ಣದ ಗುರುತು ಅಲ್ಲಿ ಬೇಕಾಗಿಯೇ ಇಲ್ಲ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಇನ್ನು ಐದು ವಾರ ಬದುಕಿದ್ದರೆ, ಅವರು ಹುಟ್ಟಿದ ಬೆಳಗಾವಿ ಸೀಮೆಯೂ ಅವರ ಮನೆತನದ ಲೇತ್ ತಯಾರಾಗುತ್ತಿದ್ದ ಹರಿಹರವೂ ಒಂದೇ ರಾಜ್ಯಕ್ಕೆ ಸೇರಿದ್ದನ್ನು ನೋಡುತ್ತಿದ್ದರು.

ಈ ಸಲದ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಒಂದು ಬ್ಯಾಟರಿ ಚಾರ್ಜರ್ ಮಾಡಿದೆವು. ಅದರ ಮೇಲಿನ ದೀಪ ನನ್ನ ಪಾಲಿಗೆ ಬಂತು. ಒಂದೇ ದೀಪದಲ್ಲಿ ಎರಡು ಬಣ್ಣ ಬರುವುದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ನಾನು ಎರಡು ದೀಪ ಹಾಕಿದೆ, ಎಡಕ್ಕೊಂದು ಬಲಕ್ಕೊಂದು. ಎಡದ್ದು ಮಿಣುಕಿದರೆ ಚಾರ್ಜ್ ಆಗುತ್ತಿದೆ, ಬಲದ್ದು ಉರಿದರೆ ಆಯಿತು. ವೈವಾದಲ್ಲಿ ಎಕ್ಸಾಮಿನರ್, ಒಂದರಲ್ಲಿ ಆಗುವುದಕ್ಕೆ ಎರಡು ಏಕೆ ದಂಡ ಎಂದು ಕೇಳಿದರು. ಏನಾದರೂ ಸುಳ್ಳು ಹೇಳಬಹುದಿತ್ತು. ಗೆಳೆಯರು ಮೂವರೂ ಪಕ್ಕದಲ್ಲೇ ನಿಂತಿದ್ದರು. ನನಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ ಸಾರ್ ಅಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಚಾರ್ಜರನ್ನು ತಿರುಗಿಸಿ ನೋಡಿ, ಮುಂದಿನ ಪ್ರಶ್ನೆಗೆ ಹೋದರು.

ಅಪ್ಪನಿಗೆ ಇನ್ನೂ ಹೇಳಿಲ್ಲ. ನಾನು ರೈಲ್ವೆ ಪರೀಕ್ಷೆ ಬರೆದು ಎಂಜಿನ್ ಓಡಿಸುವವನಾಗಬೇಕು ಎಂಬುದು ಅವರ ಬಹುದಿನದ ಆಸೆ. ಆ ಕೆಲಸಕ್ಕೆ ಸಿಗ್ನಲ್ ಬಣ್ಣ ಕಾಣುವ ಕಣ್ಣು ಬೇಕು, ಪರೀಕ್ಷೆ ಪಾಸಾದರೂ ಡಾಕ್ಟರ ಹತ್ತಿರ ನಾನು ನಿಲ್ಲುವುದಿಲ್ಲ. ಪ್ರತಿ ಸಲ ಊರಿಗೆ ಹೋದಾಗಲೂ ಹೇಳೋಣವೆಂದುಕೊಂಡು ಬಸ್ ಹತ್ತುತ್ತೇನೆ, ಹೇಳದೆ ವಾಪಸ್ ಬರುತ್ತೇನೆ. ಅಪ್ಪ ದಿನಾ ಬೆಳಿಗ್ಗೆ ಹೈವೇ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಈ ಪುಟವನ್ನೂ ಬಿಡುವುದಿಲ್ಲ.