ಡಾ. ಎಂ. ವಿ. ಗೋಪಾಲಸ್ವಾಮಿ: ಬುದ್ಧಿಯ ಅಳತೆ ಹುಡುಕಿದ ಪ್ರಾಧ್ಯಾಪಕರು

ಆಕಾಶವಾಣಿ ಎಂಬ ಹೆಸರು ಕೇಳಿದಾಗ ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರನ್ನು (1896–1957) ನಾವು ನೆನೆಯುತ್ತೇವೆ. ಆದರೆ ರೇಡಿಯೋ ಅವರ ಹವ್ಯಾಸವಾಗಿತ್ತು. ವೃತ್ತಿಯಿಂದ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ಸೇವೆಯನ್ನು ನಾವು ಮರೆತಿದ್ದೇವೆ.

ಲಂಡನ್ನಿನಲ್ಲಿ ಅವರು ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದರು. ಬುದ್ಧಿಯ ನಾನಾ ಕೆಲಸಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯವಿದೆ ಎಂಬುದು ಗುರುಗಳ ವಾದ. ಕೈಕೆಲಸ ಕಲಿಯುವಾಗಲೂ ಬುದ್ಧಿ ಕೆಲಸ ಮಾಡುತ್ತದೆಯೇ ಎಂದು ಶಿಷ್ಯರು ಪರೀಕ್ಷಿಸಿದರು. ಇದಕ್ಕೆ ಬಳಸಿದ್ದು ಕನ್ನಡಿಯ ಪ್ರಯೋಗ. ಕೈ ನೇರವಾಗಿ ಕಾಣದಂತೆ ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಚಿತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಈ ಅಧ್ಯಯನ 1924ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಊರಿಗೆ ಮರಳಿದ ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು, ಮುಂದೆ ಪ್ರಾಂಶುಪಾಲರೂ ಆದರು. ಪಾಶ್ಚಾತ್ಯ ಬುದ್ಧಿ ಪರೀಕ್ಷೆಗಳನ್ನು ನಮ್ಮ ಜನರಿಗೆ ಒಗ್ಗಿಸಲು ಶ್ರಮಿಸಿದರು. ಇದೇನು ಸಣ್ಣ ಕೆಲಸವಲ್ಲ. ಒಂದು ಉದಾಹರಣೆ ನೋಡೋಣ. ಹೆಗ್ಗಡದೇವನಕೋಟೆಯ ಹಾಡಿಯ ಮಗುವಿಗೆ ಹಿಮ ಬೀಳುವ ಚಿತ್ರ ತೋರಿಸಿ ಪ್ರಶ್ನೆ ಕೇಳಿದರೆ ಅದು ಸುಮ್ಮನೆ ನಿಂತೀತು. ಅದೇ ಮಗು ಕಾಡಿನ ಹತ್ತಾರು ಗಿಡಗಳ ಹೆಸರು ಹೇಳೀತು. ಹುಣಸೂರಿನ ಹೊಗೆಸೊಪ್ಪು ಬೆಳೆಗಾರರ ಮಗುವಿಗೆ ಸೊಪ್ಪು ಒಣಗಿಸುವ ಕ್ರಮ ಗೊತ್ತಿದ್ದೀತು. ಹಾಗಾದರೆ ದಡ್ಡತನ ಮಗುವಿನದೋ, ಪ್ರಶ್ನೆಯದೋ? ತಪ್ಪಾದ ಅಳತೆಗೋಲು ಒಂದು ಮಗುವನ್ನು ಜೀವನವಿಡೀ ಹಿಂದಿನ ಬೆಂಚಿನಲ್ಲಿ ಕೂರಿಸಬಲ್ಲದು.

ಕಲಿಕೆಯನ್ನು ಅವರು ಕಾಲೇಜಿನ ಗೋಡೆಯೊಳಗೇ ಇಡಲಿಲ್ಲ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಕೈಯಿಂದ ಹಣ ಹಾಕಿ ವರ್ಷಗಟ್ಟಲೆ ನಡೆಸಿದರು. ಖರ್ಚು ಹೆಚ್ಚಿದಾಗ ಅದು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. ಮುಂದೆ ದೇಶದ ರೇಡಿಯೋ ಸಂಸ್ಥೆಯೂ ಆಕಾಶವಾಣಿ ಎಂಬ ಹೆಸರನ್ನೇ ತನ್ನದಾಗಿಸಿಕೊಂಡಿತು.

ಅವರು ಅಗಲಿ ಆರು ದಶಕಗಳು ಮೀರಿವೆ. ಇಂದೂ ನಾವು ಮಕ್ಕಳ ಅಂಕಪಟ್ಟಿ ನೋಡಿ ಜಾಣ, ದಡ್ಡ ಎಂದು ಥಟ್ಟನೆ ತೀರ್ಪು ಕೊಡುತ್ತೇವೆ. ಹೆತ್ತವರೇ, ಶಿಕ್ಷಕರೇ, ಹಾಗೆ ಹೇಳುವ ಮುನ್ನ ನಮ್ಮ ಕೈಯಲ್ಲಿರುವ ಅಳತೆಗೋಲು ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ.