ಶ್ರೀ ತ್ರಿವಿಕ್ರಮ ಪಂಡಿತಾಚಾರ್ಯರು

13ನೆಯ ಶತಮಾನದಲ್ಲಿ ಕಾಸರಗೋಡು ಸೀಮೆಯ ಲಿಕುಚ ವಂಶದಲ್ಲಿ ಸುಬ್ರಹ್ಮಣ್ಯ ಪಂಡಿತರ ಪುತ್ರರಾಗಿ ಅವತರಿಸಿದ ತ್ರಿವಿಕ್ರಮರು ಅದ್ವೈತಶಾಸ್ತ್ರದಲ್ಲಿ ಅಸಮಾನ ಪಂಡಿತರು, ಉಷಾಹರಣ ಕಾವ್ಯದ ಕರ್ತೃಗಳು. ಕೀರ್ತಿಯಿತ್ತು; ಸಮಾಧಾನವಿರಲಿಲ್ಲ. ಓದಿ ಅರಗಿಸಿಕೊಂಡ ಸಿದ್ಧಾಂತವೇ ಅವರ ಅಂತರಂಗಕ್ಕೆ ಒಗ್ಗದಾಯಿತು. ಅನುಜರಾದ ಶಂಕರ ಪಂಡಿತರು ಆಗಲೇ ಶ್ರೀಮಧ್ವಾಚಾರ್ಯರ ಶಿಷ್ಯರಾಗಿ ಅವರ ಗ್ರಂಥಭಂಡಾರವನ್ನು ಕಾಯುತ್ತಿದ್ದರು. ಆದರೂ ಅಣ್ಣನವರು ಆತುರಪಡಲಿಲ್ಲ. ಆಚಾರ್ಯರ ಗ್ರಂಥಗಳನ್ನು ಗುಟ್ಟಾಗಿ ಪರಿಶೀಲಿಸಿದರು.

ನಮ್ಮ ಬಣಕಲ್ ಕಡೆಯ ಆಸ್ತಿಕರು ಕಳಸದ ಬಳಿಯ ಅಂಬುತೀರ್ಥದಲ್ಲಿ, ಆಚಾರ್ಯರು ಒಂದೇ ಕೈಯಿಂದ ಇರಿಸಿದರೆಂದು ಪ್ರಸಿದ್ಧವಾದ ಬಂಡೆಗೆ ಕೈಮುಗಿದವರೇ. ತ್ರಿವಿಕ್ರಮರನ್ನು ಒಲಿಸಿದ್ದು ಅಂತಹ ಬಲಪ್ರದರ್ಶನವಲ್ಲ. ಸಂಪ್ರದಾಯದಂತೆ 15 ದಿನ ನಡೆದ ವಾದದಲ್ಲಿ ತಮ್ಮ ಸಂಶಯಗಳನ್ನೆಲ್ಲ ಮುಂದಿಟ್ಟು, ಉತ್ತರ ದೊರೆತ ಮೇಲೆಯೇ ಶಿರಬಾಗಿದರು. ವಿದ್ವತ್ಸಭೆಯಲ್ಲಿ ಸೋಲೊಪ್ಪುವುದೆಂದರೆ ಆ ಕಾಲದ ಪಂಡಿತನಿಗೆ ಸಂಪಾದಿಸಿದ ಯಶಸ್ಸೆಲ್ಲವನ್ನೂ ಪಣಕ್ಕೊಡ್ಡಿದಂತೆಯೇ ಸರಿ.

ಗುರುಗಳ ಆಣತಿಯಂತೆ ಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆಯನ್ನು ರಚಿಸಿದರು. ನಾವು ನಿತ್ಯ ಪಠಿಸುವ ವಾಯುಸ್ತುತಿಯೂ ಅವರದೇ. ಶಿಷ್ಯರ ವಿನಂತಿಯನ್ನು ಮನ್ನಿಸಿಯೇ ಆಚಾರ್ಯರು ಅನುವ್ಯಾಖ್ಯಾನವನ್ನು ಅನುಗ್ರಹಿಸಿದರು. ತಂದೆಯವರ ಈ ವಾದವನ್ನೂ ಶಿಷ್ಯತ್ವವನ್ನೂ ಪುತ್ರರಾದ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ.